ನಮ್ಮ ಬಿಸಿಲಿಗೆ ನಿಲ್ಲುವ ತಣ್ಣನೆ ಸಿಹಿ

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಎಲ್ಲರಿಗೂ ನಮಸ್ಕಾರ.

ರಾಯಚೂರಿನ ಬಿಸಿಲು ಎಂಥದ್ದು ಅಂತ ನಿಮಗೆ ನಾನು ಹೇಳಬೇಕಿಲ್ಲ. ಏಪ್ರಿಲ್, ಮೇ ಬಂತೆಂದರೆ 40 ಡಿಗ್ರಿ ದಾಟುತ್ತದೆ. ಮದುವೆ, ಕುಬಸ (ಸೀಮಂತ), ತೊಟ್ಟಿಲು ಕಾರ್ಯ ಕೂಡಿ ಬರುವುದೂ ಅದೇ ತಿಂಗಳುಗಳಲ್ಲಿ. ಪೆಂಡಾಲಿನ ಕೆಳಗೆ ಬೆವರು ಒರೆಸಿಕೊಳ್ಳುತ್ತ ಕುಳಿತವರಿಗೆ ಬಿಸಿ ಗೋಧಿ ಹುಗ್ಗಿ ಬಡಿಸಿದರೂ ತಿನ್ನುತ್ತಾರೆ. ಆದರೆ ಒಂದು ಬಟ್ಟಲು ತಣ್ಣನೆ ಫ್ರೂಟ್ ಸಲಾಡ್ ಕೈಗೆ ಬಂದಾಗ ಅವರ ಮುಖ ನೋಡಬೇಕು. ಓವನ್ ಬೇಡದ, ತಣ್ಣಗೆ ಮಾಡಿ ಬಡಿಸುವ ಇಂಥ ಹಳೆಯ ಸಿಹಿಗಳ ಬಗ್ಗೆ ಇವತ್ತು ಮಾತಾಡುತ್ತೇನೆ.

ಸುಮಾರು 25 ವರ್ಷದ ಹಿಂದಿನ ಮಾತು. ನನ್ನ ತಂಗಿಯ ಕುಬಸ. ಹೊಸದಾಗಿ ಕಲಿತಿದ್ದೆ ಅಂತ 60 ಜನಕ್ಕೆ ಜೆಲಟಿನ್ ಹಾಕಿ ಕೆಂಪು ಜೆಲ್ಲಿ ಮಾಡಿದೆ. ಫ್ರಿಜ್‌ನಲ್ಲಿ ಚೆನ್ನಾಗಿ ಗಟ್ಟಿಯಾಗಿತ್ತು. ಮಧ್ಯಾಹ್ನ ಆಟೋದಲ್ಲಿ ಛತ್ರಕ್ಕೆ ಒಯ್ದು, ಊಟದ ಪಂಕ್ತಿ ಏಳುವ ಹೊತ್ತಿಗೆ ಮುಚ್ಚಳ ತೆಗೆದರೆ ತಾಟಿನ ತುಂಬ ಕೆಂಪು ನೀರು. ನನಗೆ ಅಳುವೇ ಬಂದಿತ್ತು. ದೊಡ್ಡವ್ವ ಹತ್ತಿರ ಬಂದು, "ನಮ್ಮ ಬಿಸಿಲಿಗೆ ಇದು ನಿಲ್ಲಂಗಿಲ್ಲವ್ವಾ, ಚೈನಾ ಗ್ರಾಸ್ ಹಾಕಬೇಕಿತ್ತು" ಅಂದಳು. ಆಕೆ ಶಾಲೆಗೆ ಹೋದವಳಲ್ಲ. ಆದರೆ ಆಕೆ ಹೇಳಿದ್ದು ಪೂರ್ತಿ ಸರಿ.

ಕಾರಣ ಹೀಗಿದೆ. ಜೆಲಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ಬರುತ್ತದೆ. 35 ಡಿಗ್ರಿ ಮುಟ್ಟುವ ಮೊದಲೇ ಕರಗಲು ಶುರು. ಬಾಯಲ್ಲಿಟ್ಟರೆ ಕರಗುವುದೂ ಅದಕ್ಕೇ. ನಮ್ಮ ಪೆಂಡಾಲಿನಲ್ಲಿ ಬಾಯಿಯವರೆಗೂ ಅದು ಬರುವುದಿಲ್ಲ. ಚೈನಾ ಗ್ರಾಸ್ ಅಂದರೆ ಅಗರ್, ಸಮುದ್ರದ ಪಾಚಿಯಿಂದ ಮಾಡಿದ್ದು. 35ರಿಂದ 40 ಡಿಗ್ರಿಗೆ ಇಳಿದರೆ ಸಾಕು, ಗಟ್ಟಿಯಾಗುತ್ತದೆ. ಒಮ್ಮೆ ಗಟ್ಟಿಯಾದ ಮೇಲೆ ಮತ್ತೆ ಕರಗಬೇಕಾದರೆ 85 ಡಿಗ್ರಿ ಹತ್ತಿರ ಕಾಯಬೇಕು. ರಾಯಚೂರಿನ ಬಿಸಿಲು ಅದನ್ನು ಏನೂ ಮಾಡಲಾರದು. ಮಾಂಸ ತಿನ್ನದವರ ಮನೆಗೂ ನಡೆಯುತ್ತದೆ.

ನನಗಾದದ್ದೇ 1881ರಲ್ಲಿ ಜರ್ಮನಿಯಲ್ಲೂ ಆಗಿತ್ತು. ರಾಬರ್ಟ್ ಕಾಖ್ ಎಂಬ ದೊಡ್ಡ ವಿಜ್ಞಾನಿಯ ಪ್ರಯೋಗಾಲಯದಲ್ಲಿ ವಾಲ್ಟರ್ ಹೆಸ್ಸೆ ಎಂಬುವರು ಜೆಲಟಿನ್ ಮೇಲೆ ರೋಗಾಣು ಬೆಳೆಸುತ್ತಿದ್ದರು. ಬೇಸಿಗೆಯಲ್ಲಿ ಅದು ಕರಗಿ ಕೆಲಸವೇ ಕೆಡುತ್ತಿತ್ತು. ಅವರ ಹೆಂಡತಿ ಫ್ಯಾನಿ ಹೆಸ್ಸೆ ಮನೆಯ ಜೆಲ್ಲಿಗೆ ಅಗರ್ ಹಾಕುತ್ತಿದ್ದವಳು. ಜಾವಾದಲ್ಲಿ ಇದ್ದು ಬಂದ ನೆರೆಮನೆಯವರಿಂದ ಅದನ್ನು ಕಲಿತಿದ್ದಳು. "ಅಗರ್ ಹಾಕಿ ನೋಡಿ" ಅಂದಳು. ಇವತ್ತಿಗೂ ಆಸ್ಪತ್ರೆಯ ಲ್ಯಾಬುಗಳಲ್ಲಿ ರೋಗಾಣು ಬೆಳೆಸುವುದು ಅಗರ್ ಮೇಲೆಯೇ. ಕಾಖ್ 1882ರ ತಮ್ಮ ಬರಹದಲ್ಲಿ ಅಗರ್ ಬಗ್ಗೆ ಬರೆದರು, ಆಕೆಯ ಹೆಸರು ಬರೆಯಲಿಲ್ಲ. ಇದನ್ನು ಓದಿದ ದಿನ ನನಗೆ ದೊಡ್ಡವ್ವ ಬಹಳ ನೆನಪಾದಳು. ಅಡುಗೆಮನೆಯ ತಿಳಿವಳಿಕೆಗೆ ಹೆಸರು ಹಚ್ಚಿ ಬರೆದಿಡುವವರು ಕಡಿಮೆ. ಅದಕ್ಕೇ ನಿಮ್ಮ ಕೈಯಲ್ಲಿ ಪೆನ್ನು ಇದ್ದರೆ ಬರೆದುಕೊಳ್ಳಿ.

1 ಲೀಟರ್ ಹಾಲಿಗೆ 10 ಗ್ರಾಂ ಚೈನಾ ಗ್ರಾಸ್. ಎಳೆಗಳನ್ನು ಕತ್ತರಿಸಿ ಅರ್ಧ ಗಂಟೆ ನೀರಲ್ಲಿ ನೆನೆಸಿ. ಬೇರೆ ಬೋಗುಣಿಯಲ್ಲಿ ಒಂದು ಲೋಟ ನೀರಿಟ್ಟು ಸಣ್ಣ ಉರಿಯಲ್ಲಿ ಕರಗಿಸಿ. ಒಂದೇ ಒಂದು ಎಳೆಯೂ ಕಾಣಬಾರದು. ಆ ಕಡೆ ಹಾಲು, ಸಕ್ಕರೆ, ಏಲಕ್ಕಿ ಕುದಿಯುತ್ತಿರಲಿ. ಕರಗಿದ್ದನ್ನು ಸೋಸಿ ಬಿಸಿ ಹಾಲಿಗೇ ಸುರಿಯಬೇಕು. ಹಾಲು ತಣ್ಣಗಿದ್ದರೆ ಸುರಿದಲ್ಲೇ ಹೆಪ್ಪುಗಟ್ಟಿ ದಾರದಂತೆ ಆಗುತ್ತದೆ. ಜಾಸ್ತಿ ಜನ ಎಡವುವುದು ಇಲ್ಲೇ. ತಾಟಿಗೆ ಸುರಿದು, ಗಟ್ಟಿಯಾದ ಮೇಲೆ ಬರ್ಫಿಯಂತೆ ಕೊಯ್ಯಿರಿ.

ಇನ್ನು ಕಸ್ಟರ್ಡ್. ಇದು ನಮ್ಮದಲ್ಲ, ಆದರೆ ನಮ್ಮ ಮನೆಯದಾಗಿ ಬಹಳ ಕಾಲವಾಯಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಆಲ್ಫ್ರೆಡ್ ಬರ್ಡ್ ಎಂಬುವರ ಹೆಂಡತಿಗೆ ಮೊಟ್ಟೆ ಆಗಿಬರುತ್ತಿರಲಿಲ್ಲ. ಆಕೆಗಾಗಿ ಅವರು 1837ರಲ್ಲಿ ಮೊಟ್ಟೆ ಇಲ್ಲದ ಪುಡಿ ಮಾಡಿದರು. ಅದರಲ್ಲಿ ಮುಖ್ಯವಾಗಿ ಇರುವುದು ಕಾರ್ನ್‌ಫ್ಲೋರ್. ಮೊಟ್ಟೆ ಇಲ್ಲದ್ದರಿಂದಲೇ ಅದು ನಮ್ಮ ಪಂಕ್ತಿ ಊಟಕ್ಕೂ ಬಂತು. ಪುಡಿಯನ್ನು ತಣ್ಣನೆ ಹಾಲಿನಲ್ಲಿ ಕಲಸಿಯೇ ಬಿಸಿ ಹಾಲಿಗೆ ಹಾಕಿ, ಗಂಟಾಗುವುದಿಲ್ಲ. ಫ್ರೂಟ್ ಸಲಾಡ್‌ಗೆ ಈ ಕಸ್ಟರ್ಡಿನಲ್ಲಿ ಹಣ್ಣು ಹಾಕುವಾಗ ಹಸಿ ಅನಾನಸ್, ಪರಂಗಿ ಮಾತ್ರ ಬೇಡ. ಹಾಲಿನ ಸಾರವನ್ನು ಒಡೆಯುವ ಗುಣ ಅವುಗಳಲ್ಲಿದೆ, ಸ್ವಲ್ಪ ಹೊತ್ತಿಗೇ ಕಹಿ ಬರುತ್ತದೆ. ಅನಾನಸ್ ಹಾಕಲೇಬೇಕು ಅನಿಸಿದರೆ ಸಕ್ಕರೆ ಹಾಕಿ ಒಮ್ಮೆ ಕುದಿಸಿ, ಆರಿಸಿ ಹಾಕಿ.

ನಮ್ಮ ಊರು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತಲ್ಲ, ಆ ಕಡೆಯ ಸಿಹಿಯಲ್ಲಿ ನನಗೆ ತುಂಬ ಇಷ್ಟವಾದದ್ದು ಖುಬಾನಿ ಕಾ ಮೀಠಾ. ಒಣ ಖುಬಾನಿ, ಅಂದರೆ ಏಪ್ರಿಕಾಟ್ ಹಣ್ಣು, ರಾತ್ರಿ ನೆನೆಸಿ, ಬೀಜ ತೆಗೆದು, ಸಕ್ಕರೆ ಜೊತೆ ಮೆತ್ತಗೆ ಬೇಯಿಸುತ್ತಾರೆ. ತಣ್ಣಗಾದ ಮೇಲೆ ಒಂದು ಚಮಚ ಕೆನೆ, ಅಷ್ಟೇ. ನನ್ನ ಗೆಳತಿಯ ಮನೆಯ ಮದುವೆಯಲ್ಲಿ ಅದನ್ನು ತಿಂದ ನೆನಪು ಇನ್ನೂ ನಾಲಿಗೆ ಮೇಲಿದೆ. ಕೊಪ್ಪಳದ ಕಡೆಯ ಕೇಸರ್ ಮಾವು ಸಿಕ್ಕರೆ ಸೀಕರಣಿಗೆ ಸಮ ಯಾವುದೂ ಇಲ್ಲ. ಅದಕ್ಕೆ ಒಲೆಯೂ ಬೇಡ.

ಫ್ರಿಜ್ ಇಲ್ಲದ ಕಾಲದಲ್ಲಿ ಹೇಗೆ ತಣ್ಣಗೆ ಮಾಡುತ್ತಿದ್ದರು? ಪರಾತದಲ್ಲಿ ಮರಳು ಹಾಕಿ, ನೀರು ಚಿಮುಕಿಸಿ, ಅದರ ಮೇಲೆ ತಾಟು ಇಟ್ಟು, ಸುತ್ತ ಹಸಿ ಬಟ್ಟೆ ಕಟ್ಟುತ್ತಿದ್ದರು. ನೀರು ಆವಿಯಾಗುವಾಗ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಮಂಗಳೂರಿನ ಕಡೆ ಗಾಳಿಯಲ್ಲೇ ತೇವ ಇರುತ್ತದೆ, ಅಲ್ಲಿ ಇದು ಇಷ್ಟು ಚೆನ್ನಾಗಿ ನಡೆಯುವುದಿಲ್ಲ. ನಮ್ಮದು ಒಣ ಬಿಸಿಲು. ನಮ್ಮನ್ನು ಸುಡುವ ಆ ಒಣ ಗಾಳಿಯೇ ತಾಟನ್ನು ತಂಪು ಮಾಡುತ್ತದೆ. ಚೈನಾ ಗ್ರಾಸ್ ಗಟ್ಟಿಯಾಗಲು ಅಷ್ಟು ತಂಪು ಸಾಕು.

ಆದರೆ ಹಾಲಿನ ವಿಷಯದಲ್ಲಿ ಕೈಮುಗಿದು ಹೇಳುತ್ತೇನೆ, ದಯವಿಟ್ಟು ಕೇಳಿ. ಗಟ್ಟಿಯಾಯಿತು ಅಂದರೆ ಕೆಡುವುದಿಲ್ಲ ಅಂತಲ್ಲ. 5ರಿಂದ 60 ಡಿಗ್ರಿ ಒಳಗೆ ರೋಗಾಣು ಬೇಗ ಬೆಳೆಯುತ್ತವೆ. ನಮ್ಮ ಬೇಸಿಗೆಯಲ್ಲಿ ಹಾಲಿನ ಸಿಹಿ ಹೊರಗೆ ಇರಬಹುದಾದದ್ದು ಒಂದೇ ಗಂಟೆ. 10 ಲೀಟರ್ ಕಸ್ಟರ್ಡನ್ನು ಒಂದೇ ಪಾತೇಲಿಯಲ್ಲಿ ಆರಲು ಬಿಡಬೇಡಿ. ಮೇಲೆ ತಣ್ಣಗಿದ್ದರೂ ನಡುವೆ ಗಂಟೆಗಟ್ಟಲೆ ಬಿಸಿ ಇರುತ್ತದೆ, ಅಲ್ಲೇ ಹುಳಿಯಾಗುತ್ತದೆ. ಅಗಲವಾದ ತಾಟುಗಳಿಗೆ ತೆಳ್ಳಗೆ ಹರಡಿ ಆರಿಸಿ, ಆಮೇಲೆ ಫ್ರಿಜ್‌ಗೆ ಇಡಿ. ಬಡಿಸುವಾಗ ಪಾತ್ರೆಯ ಸುತ್ತ ಐಸ್ ಗಡ್ಡೆ ಇರಲಿ, ಪಾತ್ರೆಯ ಒಳಗೆ ಬೇಡ. ಆ ಐಸನ್ನು ಯಾವ ನೀರಿನಲ್ಲಿ ಮಾಡಿರುತ್ತಾರೋ ನಮಗೆ ಗೊತ್ತಿರುವುದಿಲ್ಲ. ಹಣ್ಣು ಕೊನೆಗೆ ಹೆಚ್ಚಿ ಹಾಕಿ. ಬಸುರಿಯರು, ಸಣ್ಣ ಮಕ್ಕಳು, ವಯಸ್ಸಾದವರು ಕೂರುವ ಪಂಕ್ತಿ ಅದು, ಅಲ್ವಾ?

ಅಗೋ, ಆ ಮೇಜಿನ ಮೇಲೆ ಎರಡು ತಾಟು ಇವೆ. ನನ್ನಾರಿ, ಅಂದರೆ ಸೊಗದೆ ಬೇರಿನ ಶರಬತ್ತಿಗೆ ಚೈನಾ ಗ್ರಾಸ್ ಹಾಕಿದ್ದೇನೆ, ಹಾಲು ಹಾಕಿಲ್ಲ. ಬೆಳಗ್ಗೆ ಇಲ್ಲಿಗೆ ಬಂದ ಮೇಲೆ ಹಸಿ ಮರಳಿನ ಮೇಲೆ ಇಟ್ಟೆ. ಫ್ರಿಜ್ ಮುಟ್ಟಿಲ್ಲ. ಬಂದು ಬೆರಳಿನಿಂದ ಒತ್ತಿ ನೋಡಿ, ಆಮೇಲೆ ಎಲ್ಲರೂ ಒಂದೊಂದು ತುಂಡು ತೆಗೆದುಕೊಳ್ಳಿ.