ಮುಂಬೈ ಟಿವಿ ಯೂನಿಟ್ ಮೇಲೆ ಟ್ಯೂಲಿಪ್ ಯಾಕೆ?

ನಮಸ್ಕಾರ. ಮಾರ್ಚ್ ಬಂತು ಅಂದರೆ ಫೋನಿನಲ್ಲಿ ಒಂದೇ ಬಗೆಯ ವಿಡಿಯೊಗಳು ಶುರು. ಫೈರ್‌ಪ್ಲೇಸ್ ಮೇಲೆ ಒಂದು ಹಲಗೆ ಇರುತ್ತದಲ್ಲ, ಮ್ಯಾಂಟಲ್ ಅನ್ನುತ್ತಾರೆ, ಅದನ್ನು ವಸಂತಕ್ಕೆ ಹೇಗೆ ಸಿಂಗರಿಸಬೇಕು ಅಂತ ತೋರಿಸುವ ವಿಡಿಯೊಗಳು. ಬಿಳಿ ಗೋಡೆ. ನಡುವೆ ದೊಡ್ಡ ಕನ್ನಡಿ. ಎರಡೂ ಕಡೆ ಟ್ಯೂಲಿಪ್. ನೀಲಗಿರಿ ಎಲೆಯ ತೋರಣ, ಬಣ್ಣದ ಮೊಟ್ಟೆಗಳು, ಮೂಲೆಯಲ್ಲಿ ಪಿಂಗಾಣಿ ಮೊಲ. ನೋಡಲು ಚೆನ್ನಾಗಿಯೇ ಇರುತ್ತದೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದೇ ಹಲಗೆ ಹಾಗೇ ಎದ್ದು ಬಂದು ಡೊಂಬಿವಿಲಿಯ ಟಿವಿ ಯೂನಿಟ್ ಮೇಲೆ ಕೂತರೆ ನನಗೆ ಮಾತಾಡಬೇಕು ಅನಿಸುತ್ತದೆ.

ನಮ್ಮ ಮುಂಬೈಗೆ ಫೈರ್‌ಪ್ಲೇಸ್ ಯಾಕೆ ಬಂದಿಲ್ಲ ಅಂತ ಹೇಳಬೇಕಾಗಿಲ್ಲ. ಸಾಂತಾಕ್ರೂಜ್‌ನ ಹವಾಮಾನ ಕೇಂದ್ರದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.4 ಡಿಗ್ರಿ. ಅದು 1962ರ ಜನವರಿಯ ಮಾತು. ಈಗ ಹದಿನಾರಕ್ಕೆ ಇಳಿದರೂ ಲೋಕಲ್ ರೈಲಿನಲ್ಲಿ ಅರ್ಧ ಡಬ್ಬಿ ಸ್ವೆಟರ್ ಹಾಕಿಕೊಂಡಿರುತ್ತದೆ. ನಮ್ಮವರಲ್ಲಿ ನಿಜವಾದ ಫೈರ್‌ಪ್ಲೇಸ್ ನೋಡಿದವರು ಕೊಡಗಿನಲ್ಲೋ ಚಿಕ್ಕಮಗಳೂರಿನಲ್ಲೋ ಎಸ್ಟೇಟ್ ಬಂಗಲೆಗೆ ಹೋದವರು. ಇನ್ನು ಎಲ್‌ಇಡಿ ಜ್ವಾಲೆ ಕುಣಿಸುವ ಪೆಟ್ಟಿಗೆಯನ್ನು ಗೋಡೆಗೆ ಕೂರಿಸಿ, ಎದುರಿಗೇ ಎಸಿ ಹಾಕಿಸಿಕೊಳ್ಳುವವರೂ ಇದ್ದಾರೆ. ಅವರ ಬಗ್ಗೆ ಇವತ್ತು ಬೇಡ.

ಆ ಹಲಗೆಗೆ ಅದರ ಊರಿನಲ್ಲಿ ಏನು ಕೆಲಸ, ಮೊದಲು ಅದನ್ನು ನೋಡೋಣ. ಚಳಿಗಾಲದಲ್ಲಿ ಮನೆಯವರೆಲ್ಲ ಬೆಂಕಿಯ ಕಡೆ ಮುಖ ಮಾಡಿ ಕೂರುತ್ತಾರೆ. ಕುರ್ಚಿ, ಸೋಫಾ ಎಲ್ಲ ಅತ್ತ ತಿರುಗಿರುತ್ತವೆ. ವಸಂತ ಬಂದು ಬೆಂಕಿ ಆರಿದ ಮೇಲೆ ಅಲ್ಲಿ ಉಳಿಯುವುದು ಮಸಿ ಹಿಡಿದ ಕರಿ ಗೂಡು. ಚಿಮಣಿಯಿಂದ ತಣ್ಣನೆ ಗಾಳಿ ಬರುತ್ತದೆ, ಮಸಿ ಉದುರುತ್ತದೆ, ಒಮ್ಮೊಮ್ಮೆ ಹಕ್ಕಿಯೂ ಬೀಳುತ್ತದೆ. ಹಾಗಾಗಿ ಹಿಂದಿನ ಕಾಲದಲ್ಲಿ ಇಂಗ್ಲೆಂಡ್, ಅಮೆರಿಕದ ಮನೆಗಳಲ್ಲಿ ಚಿತ್ರ ಬರೆದ ಮರದ ಹಲಗೆಯಿಂದ ಆ ಬಾಯಿಯನ್ನು ಮುಚ್ಚುತ್ತಿದ್ದರು. ಈಗ ಅಲ್ಲಿ ಜರೀಗಿಡದ ಕುಂಡ ಇಡುತ್ತಾರೆ, ಇಲ್ಲವೇ ಮೇಣದ ಬತ್ತಿ ಜೋಡಿಸುತ್ತಾರೆ. ಕೂರುವ ದಿಕ್ಕು ಮಾತ್ರ ಬದಲಾಗಿಲ್ಲ. ಕಣ್ಣು ಅಲ್ಲಿಗೇ ಹೋಗುತ್ತದೆ. ಕೆಳಗೆ ನೋಡಲು ಏನೂ ಇಲ್ಲ ಅಂದಾಗ ಮೇಲಿನ ಹಲಗೆಗೆ ಬೆಲೆ ಬರುತ್ತದೆ.

ಬೆಳಕಿನ ವಿಷಯವೂ ಇದೆ. ಡಿಸೆಂಬರ್ ಕೊನೆಯಲ್ಲಿ ಲಂಡನ್ನಿನ ಹಗಲು 8 ಗಂಟೆಗೂ ಕಡಿಮೆ. ಮಾರ್ಚ್ ಕೊನೆಗೆ ಅದು 12 ಗಂಟೆ ದಾಟುತ್ತದೆ. ತಿಂಗಳುಗಟ್ಟಲೆ ಬೂದು ಆಕಾಶ ನೋಡಿದವರಿಗೆ ಬೆಳಕು ಬಂತು ಅನ್ನುವುದೇ ಹಬ್ಬ. ಕನ್ನಡಿ ಇಡುವುದು ಕಿಟಕಿಯಿಂದ ಬಂದ ಅಷ್ಟಿಷ್ಟು ಬಿಸಿಲನ್ನು ಕೋಣೆಗೆ ಹಂಚಲು. ತಿಳಿ ಹಳದಿ, ತಿಳಿ ಗುಲಾಬಿ, ಬಿಳಿ ಬರುವುದೂ ಅದಕ್ಕೇ. ಟ್ಯೂಲಿಪ್ ಗಡ್ಡೆ ಹೂ ಬಿಡಬೇಕಾದರೆ 12ರಿಂದ 16 ವಾರ ಒಳ್ಳೆ ಚಳಿ ತಿನ್ನಬೇಕು. ಅಂದರೆ ಆ ಹಲಗೆಯ ಮೇಲೆ ಟ್ಯೂಲಿಪ್ ಕೂತಿದೆ ಅಂದರೆ ಚಳಿಗಾಲ ಮುಗಿದಿದೆ ಅಂತ ಗಿಡವೇ ಬಂದು ಸಾಕ್ಷಿ ಹೇಳಿದ ಹಾಗೆ. ಅಲ್ಲಿರುವ ಒಂದೊಂದು ವಸ್ತುವಿಗೂ ಅಲ್ಲಿ ಕಾರಣ ಇದೆ.

ಈಗ ನಮ್ಮ ಚೈತ್ರಕ್ಕೆ ಬನ್ನಿ. ಬೆಳಕಿಗೆ ಬರವೇ? ಬೆಳಿಗ್ಗೆ ಹತ್ತಕ್ಕೇ ಪರದೆ ಎಳೆಯುತ್ತೇವೆ. ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗುತ್ತಿರುತ್ತದೆ. ಬೆವರು ಆರುವುದಿಲ್ಲ. ಪಶ್ಚಿಮಕ್ಕೆ ಕಿಟಕಿ ಇರುವ ಮನೆಯಲ್ಲಿ ಸಂಜೆ ನಾಲ್ಕಕ್ಕೆ ಗೋಡೆ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಅಂಥ ಕಿಟಕಿಯ ಎದುರು ದೊಡ್ಡ ಕನ್ನಡಿ ಇಟ್ಟರೆ ಸೋಫಾದಲ್ಲಿ ಕೂತವರ ಕಣ್ಣಿಗೇ ಬಿಸಿಲು ಹೊಡೆಯುತ್ತದೆ. ನಮ್ಮ ಮನೆ ಈ ತಿಂಗಳಲ್ಲಿ ಕೇಳುವುದು ನೆರಳು, ನೀರು, ತಂಪು. ಅಲ್ಲಿಯವರು ಬಿಸಿಲನ್ನು ಒಳಗೆ ಕರೆಯಲು ಸಿಂಗಾರ ಮಾಡುತ್ತಾರೆ. ನಾವು ಅದನ್ನು ಹೊರಗೆ ನಿಲ್ಲಿಸಲು ಸಿಂಗಾರ ಮಾಡಬೇಕು. ನಾನು ಹೇಳಬೇಕು ಅಂದುಕೊಂಡಿರುವುದು ಇಷ್ಟೇ. ಮುಂದಿನದೆಲ್ಲ ಇದರ ವಿವರ.

ಬಣ್ಣ ಬೇಕು ಅಂದರೆ ಮನೆಯಿಂದ ಹೊರಗೆ ಹೋಗಿ. ವಿಕ್ರೋಲಿ ಹತ್ತಿರ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಪಕ್ಕದಲ್ಲಿ ಟಬೂಬಿಯಾ ಮರಗಳು ಎಲೆ ಕಾಣದಷ್ಟು ಗುಲಾಬಿಯಾಗಿ ನಿಂತಿರುತ್ತವೆ. ಬೊರಿವಿಲಿಯ ನ್ಯಾಷನಲ್ ಪಾರ್ಕಿನಲ್ಲಿ ಮುತ್ತುಗ, ಬೂರುಗ. ಏಪ್ರಿಲ್ ಆದರೆ ಕಕ್ಕೆ ಮರದ ಹಳದಿ ಗೊಂಚಲು. ಹಿಂದೆಯೇ ನೇರಳೆ ಬಣ್ಣದ ತಾಮ್ಹಣ, ಅದು ಮಹಾರಾಷ್ಟ್ರದ ರಾಜ್ಯಹೂವು. ಇಷ್ಟೆಲ್ಲ ಬಿಸಿಲಲ್ಲಿ ನೋಡಿಕೊಂಡು ಒಳಗೆ ಬಂದವರಿಗೆ ಮತ್ತೆ ಹಳದಿ, ಗುಲಾಬಿ ಯಾಕೆ? ಕಣ್ಣಿಗೆ ಸ್ವಲ್ಪ ಬಿಡುವು ಕೊಡಿ.

ಹೊರದೇಶದ್ದು ಬೇಡ ಅನ್ನುವ ವಾದ ಇದಲ್ಲ, ತಪ್ಪು ತಿಳಿಯಬೇಡಿ. ಆ ಟಬೂಬಿಯಾ ಕೂಡ ಅಮೆರಿಕ ಖಂಡದಿಂದ ಬಂದ ಮರವೇ. ನಮ್ಮ ಅಡುಗೆಮನೆ ಕಿಟಕಿಯ ಬಾಟಲಿಯಲ್ಲಿರುವ ಮನಿ ಪ್ಲಾಂಟ್ ಮೂಲ ಪೆಸಿಫಿಕ್ ಸಾಗರದ ಒಂದು ದ್ವೀಪ. ಬಂದವು, ಇಲ್ಲಿನ ಸೆಕೆಗೆ ಹೊಂದಿಕೊಂಡವು, ನಮ್ಮವಾದವು. ಬಾಂದ್ರಾದಲ್ಲಿ ಈಸ್ಟರ್ ಆಚರಿಸುವವರ ಮನೆಯಲ್ಲಿ ಮೊಟ್ಟೆಗೆ ಅರ್ಥವಿದೆ. ಅಲ್ಲಿಯ ಬೇಕರಿಗಳಲ್ಲಿ ಮಾರ್ಜಿಪಾನ್ ಅನ್ನುವ ಸಿಹಿಯಿಂದ ಮಾಡಿದ ಮೊಟ್ಟೆ ಸಿಗುತ್ತದೆ, ತಿನ್ನಲೂ ರುಚಿ. ಅವರ ಹಬ್ಬ, ಅವರ ಮೊಟ್ಟೆ. ಹಬ್ಬವೂ ಇಲ್ಲದೆ ಚಳಿಯೂ ಇಲ್ಲದೆ ಸುಮ್ನೆ ವಿಡಿಯೊದಲ್ಲಿ ಕಂಡಿತು ಅಂತ ಇಡುವುದರ ಬಗ್ಗೆ ನಾನು ಹೇಳುತ್ತಿರುವುದು.

ಪ್ಲಾಸ್ಟಿಕ್ ಹೂವಿನ ವಿಷಯ ಬೇಗ ಮುಗಿಸುತ್ತೇನೆ. ಕ್ರಾಫರ್ಡ್ ಮಾರ್ಕೆಟ್ ಸುತ್ತ ರಾಶಿ ರಾಶಿ ಸಿಗುತ್ತದೆ. ಗಣಪತಿಗೆ ತಂದದ್ದು ದೀಪಾವಳಿಗೆ, ದೀಪಾವಳಿಯದ್ದು ಯುಗಾದಿಗೆ. ಪಕ್ಕದಲ್ಲೊಂದು ಕಟ್ಟಡ ಏಳುತ್ತಿದ್ದರೆ, ಮುಂಬೈಯಲ್ಲಿ ಯಾವಾಗಲೂ ಪಕ್ಕದಲ್ಲೊಂದು ಕಟ್ಟಡ ಏಳುತ್ತಲೇ ಇರುತ್ತದೆ, ಎರಡು ವಾರಕ್ಕೆ ಆ ಪ್ಲಾಸ್ಟಿಕ್ ಹೂವು ಸಿಮೆಂಟಿನ ಬಣ್ಣಕ್ಕೆ ತಿರುಗುತ್ತದೆ. ತೊಳೆಯುವವರು ಯಾರು?

ಒಂದು ಹಲಗೆಯನ್ನು ಋತುವಿಗೆ ತಕ್ಕಂತೆ ಜೋಡಿಸುವುದು ನಮಗೆ ಹೊಸದೇನೂ ಅಲ್ಲ. ಚೈತ್ರ ಶುದ್ಧ ತದಿಗೆಯಿಂದ ಅಕ್ಷಯ ತದಿಗೆಯವರೆಗೆ ಮರಾಠಿ ಮನೆಗಳಿಗೆ ಹೋಗಿ ನೋಡಿ. ಪುಣೆಯ ಹಳೆ ಪೇಠೆಗಳಲ್ಲಿ, ಇಲ್ಲಿ ದಾದರ್, ಗಿರ್‌ಗಾಂವ್‌ಗಳಲ್ಲಿ. ಧಾರವಾಡದ ಕಡೆಯಿಂದ ಬಂದ ನಮ್ಮವರ ಮನೆಗಳಲ್ಲಿಯೂ ಉಂಟು. ಚೈತ್ರಗೌರಿಯನ್ನು ಪುಟ್ಟ ತೊಟ್ಟಿಲಲ್ಲೋ ಉಯ್ಯಾಲೆಯಲ್ಲೋ ಕೂರಿಸುತ್ತಾರೆ. ಸುತ್ತ ಮೆಟ್ಟಿಲು ಕಟ್ಟಿ ಹಣ್ಣು, ಹೂವು, ಗೊಂಬೆ ಜೋಡಿಸುತ್ತಾರೆ. ಒಂದು ಸಂಜೆ ಅರಿಶಿನ ಕುಂಕುಮಕ್ಕೆ ಹೆಂಗಸರನ್ನು ಕರೆಯುತ್ತಾರೆ. ಬಂದವರಿಗೆ ಕೊಡುವುದು ಏನು? ಮಾವಿನಕಾಯಿ ತುರಿದು ಕಲಸಿದ ಕಡಲೆಬೇಳೆ ಕೋಸಂಬರಿ, ನೆನೆಸಿದ ಕಡಲೆ, ಪನ್ಹೆ ಅನ್ನುವ ಮಾವಿನಕಾಯಿ ಪಾನಕ. ಬಿಸಿಲಿಂದ ಬಂದವರಿಗೆ ಬೇಕಾದದ್ದೇ ಅದು. ಅಲಂಕಾರ ಒಂದು ಕಡೆ, ಸೆಕೆ ಇನ್ನೊಂದು ಕಡೆ ಅನ್ನುವ ಹಾಗೆ ಇಲ್ಲ. ನೋಡುವುದಕ್ಕೂ ತಂಪು, ಕುಡಿಯುವುದಕ್ಕೂ ತಂಪು. ಇದನ್ನು ಯೋಚಿಸಿದವರು ಯಾರೋ, ಅವರಿಗೆ ಡಿಸೈನ್ ಗೊತ್ತಿತ್ತು.

ನಮ್ಮ ತುಳುನಾಡಿನವರಿಗೆ ಏಪ್ರಿಲ್ ನಡುವೆ ಬಿಸು, ಅವರ ಹೊಸ ವರ್ಷದ ಹಬ್ಬ. ಮುಂಬೈಯಲ್ಲಿ ತುಳುವರು ಎಷ್ಟು ಜನ ಇದ್ದಾರೆ ಅಂತ ನಾನು ಹೇಳಬೇಕೆ? ಹಿಂದಿನ ರಾತ್ರಿ ಕಣಿ ಇಡುತ್ತಾರೆ. ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಗೇರುಹಣ್ಣು, ಮಾವು, ಹೂವು, ಚಿನ್ನ, ಮತ್ತೆ ನಡುವೆ ಕನ್ನಡಿ. ಬೆಳಿಗ್ಗೆ ಎದ್ದವರು ಮೊದಲು ನೋಡುವುದು ಅದನ್ನೇ. ಕನ್ನಡಿ ಅಲ್ಲೂ ಇದೆ, ಇಲ್ಲೂ ಇದೆ. ಆದರೆ ಕಣಿಯ ಕನ್ನಡಿಗೆ ಕೋಣೆ ಬೆಳಗುವ ಕೆಲಸ ಇಲ್ಲ. ಈ ವರ್ಷದ ಬೆಳೆಯ ನಡುವೆ ನಿಮ್ಮ ಮುಖವನ್ನು ನಿಮಗೇ ತೋರಿಸುತ್ತದೆ. ನನಗೆ ಕೇಳಿದರೆ, ಅಂಥ ಒಂದು ಜೋಡಣೆ ಒಂದೇ ಬೆಳಿಗ್ಗೆಗೆ ಮುಗಿದುಹೋಗುವುದು ನಷ್ಟ. ಹಣ್ಣು ತಿಂದುಬಿಡಿ. ಹೊಸ ಹಣ್ಣು ಇಡಿ. ಮೇ ತಿಂಗಳವರೆಗೂ ಅದೇ ತಟ್ಟೆ ಅಲ್ಲೇ ಇರಲಿ.

ಎಲ್ಲಿಡುವುದು ಅಂತೀರಾ? ಸರಿಯಾದ ಪ್ರಶ್ನೆ. ಒಂದು ಬಿಎಚ್‌ಕೆಯಲ್ಲಿ ಕೆಲಸವಿಲ್ಲದ ಹಲಗೆ ಅನ್ನುವುದೇ ಇಲ್ಲ. ಅದರಲ್ಲೂ ಮುಂಬೈ ಕನ್ನಡಿಗರ ಶೋಕೇಸ್ ನೋಡಬೇಕು. ಈ ಊರಿನಲ್ಲಿ ಸಂಘಗಳಿಗೆ ಕಡಿಮೆಯಿಲ್ಲ, ಸನ್ಮಾನಕ್ಕೂ ಕಡಿಮೆಯಿಲ್ಲ. ಶಾಲು ಬೀರುವಿಗೆ ಹೋಗುತ್ತದೆ, ಹಣ್ಣಿನ ಬುಟ್ಟಿ ಹೊಟ್ಟೆಗೆ ಹೋಗುತ್ತದೆ. ಸ್ಮರಣಿಕೆ ಎಲ್ಲಿಗೆ ಹೋಗಬೇಕು? ಟಿವಿ ಯೂನಿಟ್ ಮೇಲೆ. ಗಾಜಿನ ಫಲಕ, ಹಿತ್ತಾಳೆ ಬಣ್ಣದ ದೀಪ, ಇನ್ನೂ ಪ್ಲಾಸ್ಟಿಕ್ ಬಿಚ್ಚದ ಯಕ್ಷಗಾನದ ಕಿರೀಟ. ಜೊತೆಗೆ ಸೊಸೈಟಿಯ ಮೇಂಟೆನೆನ್ಸ್ ರಸೀದಿ, ಔಷಧಿ ಡಬ್ಬಿ, ಯಾರದೋ ಮದುವೆ ಕರೆಯೋಲೆ. ಗೌರವದ ವಸ್ತುಗಳನ್ನು ಎಸೆಯಿರಿ ಅಂತ ನಾನು ಹೇಳುವುದಿಲ್ಲ. ಎರಡು ತಿಂಗಳು ಅಟ್ಟದ ಮೇಲೆ ಮಲಗಿದರೆ ಅವುಗಳ ಗೌರವಕ್ಕೆ ಏನೂ ಆಗುವುದಿಲ್ಲ. ಹಲಗೆ ಖಾಲಿ ಮಾಡುವುದೇ ಮುಕ್ಕಾಲು ಅಲಂಕಾರ. ಆ ವಿಡಿಯೊಗಳಿಂದ ಕಲಿಯುವುದಿದ್ದರೆ ಇದೊಂದನ್ನು ಕಲಿಯಿರಿ. ಅವರು ಕ್ರಿಸ್‌ಮಸ್ ಸಾಮಾನು ತೆಗೆದು ಹಲಗೆ ಒರೆಸಿದ ಮೇಲೆಯೇ ವಸಂತದ್ದನ್ನು ಇಡುತ್ತಾರೆ.

ಖಾಲಿ ಹಲಗೆಗೆ ಮೊದಲು ಒಂದು ಬಟ್ಟೆ. ಗುಳೇದಗುಡ್ಡದ ಖಣ, ಅಂದರೆ ಕೈಮಗ್ಗದ ರವಿಕೆ ಬಟ್ಟೆ, ಇದ್ದರೆ ಅದೇ ಸಾಕು, ಕಡು ನೀಲಿ ಅಥವಾ ಬಾಟಲಿ ಹಸಿರು. ಮರಾಠಿಯವರಿಗೂ ಖಣ ಪ್ರೀತಿ, ದಾದರ್‌ನ ಅಂಗಡಿಗಳಲ್ಲಿ ಸಿಗುತ್ತದೆ. ಗಾಢ ಬಣ್ಣ ಕೋಣೆಯನ್ನು ಕತ್ತಲು ಮಾಡುತ್ತದೆ ಅಂತ ಇಂಟೀರಿಯರ್‌ನವರು ಹೆದರಿಸುತ್ತಾರೆ. ಏಪ್ರಿಲ್‌ನಲ್ಲಿ ಕೋಣೆ ಸ್ವಲ್ಪ ಕತ್ತಲಾದರೆ ಒಳ್ಳೆಯದೇ ಅಲ್ವಾ?

ಅದರ ಮೇಲೆ ಅಗಲ ಬಾಯಿಯ ಮಣ್ಣಿನ ಪಾತ್ರೆ. ಧಾರಾವಿಯ ಕುಂಬಾರವಾಡಕ್ಕೆ ಹೋಗಿ, ಮಾಟುಂಗಾದಿಂದ ದೂರವೇನಿಲ್ಲ. ಬೇಸಿಗೆಗೆ ಮಡಕೆಗಳ ಸಾಲು ಬೀದಿಯವರೆಗೂ ಬಂದಿರುತ್ತದೆ. ಬಣ್ಣ ಬಳಿಯದ, ಹೊಳಪು ಹಾಕದ ಪಾತ್ರೆಯನ್ನೇ ಕೇಳಿ. ಬರಿ ಮಣ್ಣಿನ ಮೈಯಿಂದ ನೀರು ಜಿನುಗಿ ಆವಿಯಾದಾಗಲೇ ಒಳಗಿನ ನೀರು ತಣ್ಣಗಾಗುವುದು. ಜಿನುಗುತ್ತದೆ ಅಂದ ಮೇಲೆ ಕೆಳಗೆ ತಟ್ಟೆ ಬೇಕೇ ಬೇಕು, ಇಲ್ಲದಿದ್ದರೆ ಪ್ಲೈವುಡ್ ಉಬ್ಬುತ್ತದೆ, ಆಮೇಲೆ ಕಾರ್ಪೆಂಟರ್ ಹುಡುಕಿಕೊಂಡು ಅಲೆಯಬೇಕು. ನೀರಿನಲ್ಲಿ ಒಂದು ಹಿಡಿ ದುಂಡುಮಲ್ಲಿಗೆ ಮೊಗ್ಗು ತೇಲಿಬಿಡಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅರಳುತ್ತವೆ. ಮಾಟುಂಗಾದ ಹೂವಿನಂಗಡಿಗಳಲ್ಲಿ ಊರಿನ ಉಡುಪಿ ಮಲ್ಲಿಗೆ ಸಿಕ್ಕರೆ ಕೇಳುವುದೇ ಬೇಡ, ಆದರೆ ಅದನ್ನು ನೀರಿಗೆ ಹಾಕಬೇಡಿ, ಪಾತ್ರೆಯ ಕೊರಳಿಗೆ ಸುತ್ತಿ. ಮರುದಿನ ಕಂದಾಗುತ್ತದೆ. ಆಗಲಿ. ತೆಗೆದು ಕುಂಡಕ್ಕೆ ಹಾಕಿ.

ಒಂದು ಎಚ್ಚರಿಕೆ. ನಿಂತ ನೀರು ಅಂದರೆ ಡೆಂಗಿ ಸೊಳ್ಳೆಗೆ ಹಬ್ಬ. ಆ ಸೊಳ್ಳೆಗೆ ಕೊಚ್ಚೆ ಬೇಡ, ಮನೆಯೊಳಗಿನ ತಿಳಿ ನೀರೇ ಬೇಕು. ಮನಿ ಪ್ಲಾಂಟ್ ಬಾಟಲಿ, ಹೂದಾನಿ ಎಲ್ಲ ಅದಕ್ಕೆ ಇಷ್ಟ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ. ಚೆಲ್ಲಿದರೆ ಸಾಲದು, ಪಾತ್ರೆಯ ಒಳಮೈಯನ್ನು ನಾರಿನಿಂದ ಉಜ್ಜಿ, ಮೊಟ್ಟೆ ಅಲ್ಲಿಗೆ ಅಂಟಿಕೊಂಡಿರುತ್ತದೆ. ಇದನ್ನು ಮಾಡಲು ಪುರುಸೊತ್ತಿಲ್ಲ ಅನ್ನುವವರು ನೀರಿನ ಪಾತ್ರೆ ಇಡಲೇಬೇಡಿ. ಒಂದು ಕಟ್ಟು ಲಾವಂಚದ ಬೇರು ತಂದು ನೀರು ಚಿಮುಕಿಸಿ, ಫ್ಯಾನಿನ ಗಾಳಿ ತಾಗುವ ಕಡೆ ಇಟ್ಟುಬಿಡಿ. ಸಂಜೆಯೆಲ್ಲ ಘಮ.

ಎತ್ತರಕ್ಕೆ ಏನಾದರೂ ಬೇಕು ಅನಿಸಿದರೆ ಹಿತ್ತಾಳೆ ಚೊಂಬಿನಲ್ಲಿ ಒಂದೇ ಒಂದು ಮಾವಿನ ಕೊಂಬೆ. ಚಿಗುರು ತಾಮ್ರದ ಬಣ್ಣದ್ದಾಗಿದ್ದರೆ ಇನ್ನೂ ಚಂದ. ನೀರಿಗೆ ತಾಗುವ ಎಲೆ ಕಿತ್ತುಹಾಕಿ, ದಂಟಿನ ತುದಿ ಓರೆಯಾಗಿ ಕತ್ತರಿಸಿ. ಯುಗಾದಿಗೆ ತಂದ ಬೇವಿನ ಹೂವನ್ನೂ ಇಡಬಹುದು, ಆದರೆ ಅದು ಮರಳಿನ ಹಾಗೆ ಉದುರುತ್ತದೆ, ಗುಡಿಸಲು ಸಿದ್ಧರಿರಿ. ರಸ್ತೆ ಬದಿಯ ಮರದಿಂದ ಕೊಂಬೆ ಮುರಿಯಬೇಡಿ. ಹಬ್ಬದ ಹಿಂದಿನ ದಿನ ದಾದರ್ ಮಾರ್ಕೆಟಿನಲ್ಲಿ ಕಟ್ಟುಗಟ್ಟಲೆ ಮಾರುತ್ತಾರೆ.

ಇನ್ನು ಟಿವಿ. ಆರಿಸಿಟ್ಟ ಟಿವಿ ಕೂಡ ಒಂದು ಕರಿ ಗೂಡೇ, ಬೇಸಿಗೆಯ ಫೈರ್‌ಪ್ಲೇಸಿಗೂ ಅದಕ್ಕೂ ಜಾಸ್ತಿ ವ್ಯತ್ಯಾಸವಿಲ್ಲ. ಅದನ್ನು ಮುಚ್ಚಲು ಹೋಗಬೇಡಿ, ರಾತ್ರಿ ಮನೆಯವರು ಐಪಿಎಲ್ ನೋಡಲು ಕೂತಾಗ ಜಗಳವಾಗುತ್ತದೆ. ನೀರಿನ ಪಾತ್ರೆಯನ್ನು ಒಂದು ಬದಿಗೆ ಸರಿಸಿ, ವೈರುಗಳಿಂದ ದೂರ ಇಡಿ. ಸೆಟ್‌ಟಾಪ್ ಬಾಕ್ಸ್ ಮೇಲೆ ಮಾತ್ರ ಏನೂ ಇಡಬೇಡಿ, ಬಟ್ಟೆಯನ್ನೂ ಹೊದಿಸಬೇಡಿ. ಅದಕ್ಕೂ ಸೆಕೆಯಾಗುತ್ತದೆ.