ಚೆಂಡು ಮುಟ್ಟದ ಐವರು ಮತ್ತು ಡೆನ್ವರ್‌ನ ಓಟ

ಪರದೆಯ ಮೇಲೆ ಈಗ ಮೂಡಿರುವ ಅಮೆರಿಕನ್ ಫುಟ್‌ಬಾಲ್ ಪಂದ್ಯದ ಚಿತ್ರದಲ್ಲಿ ಚೆಂಡು ಹಿಡಿದವನನ್ನು ಬಿಟ್ಟು, ಅವನ ಮುಂದೆ ಬಾಗಿ ನಿಂತ ಐವರನ್ನು ಗಮನಿಸಿ. ನಡುವೆ ಸೆಂಟರ್, ಅವನ ಎರಡು ಮಗ್ಗುಲಲ್ಲಿ ಗಾರ್ಡ್‌ಗಳು, ಅವರಾಚೆ ಟ್ಯಾಕಲ್‌ಗಳು. ಎದುರಾಳಿಗಳನ್ನು ತಡೆದು ತಮ್ಮ ಓಟಗಾರನಿಗೆ ದಾರಿ ಮಾಡಿಕೊಡುವ ಆಫೆನ್ಸಿವ್ ಲೈನ್ ಎಂದರೆ ಇವರೇ. ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಡುವುದನ್ನು ಬಿಟ್ಟರೆ ಇವರು ಅದನ್ನು ಮುಟ್ಟುವುದೇ ಅಪರೂಪ. ಆದರೂ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ನ ಹೆಸರಿಗೆ ಬರೆಯುವ ಯಾರ್ಡ್‌ಗಳಲ್ಲಿ, ಅಂದರೆ ಅವನು ಮುಂದೆ ಸಾಗಿದ ದೂರದಲ್ಲಿ, ದೊಡ್ಡ ಪಾಲು ಇವರದೇ ಎಂದು ನಾನು ನಂಬುತ್ತೇನೆ. ಅದಕ್ಕೆ ಡೆನ್ವರ್ ಬ್ರಾಂಕೋಸ್ ತಂಡಕ್ಕಿಂತ ಬಲವಾದ ಸಾಕ್ಷಿಯನ್ನು ನಾನು ಕಂಡಿಲ್ಲ.

1995ರಲ್ಲಿ ಮುಖ್ಯ ತರಬೇತುದಾರ ಮೈಕ್ ಶಾನಹನ್ ಜೊತೆಗೆ ಅಲೆಕ್ಸ್ ಗಿಬ್ಸ್ ಈ ತಂಡದ ಲೈನ್ ತರಬೇತಿಗೆ ಬಂದರು. ಅವರು ಅಗಾಧ ದೇಹದವರಿಗಿಂತ ಚುರುಕು ಕಾಲಿನವರನ್ನು ಆರಿಸಿ, ಜೋನ್ ಬ್ಲಾಕಿಂಗ್ ಪದ್ಧತಿಯನ್ನು ಪಳಗಿಸಿದರು. ಐವರೂ ಒಂದೇ ದಿಕ್ಕಿಗೆ ಒಟ್ಟಾಗಿ ಹೆಜ್ಜೆಯಿಡುತ್ತಾರೆ. ಎದುರಾಳಿಯೊಬ್ಬನನ್ನು ಇಬ್ಬರು ಸೇರಿ ತಳ್ಳಿ, ಅವನು ಹಿಡಿತಕ್ಕೆ ಬಂದೊಡನೆ ಒಬ್ಬ ಕಳಚಿಕೊಂಡು ಹಿಂದಿನ ಸಾಲಿನ ರಕ್ಷಣಾ ಆಟಗಾರನಾದ ಲೈನ್‌ಬ್ಯಾಕರ್‌ನತ್ತ ಧಾವಿಸುತ್ತಾನೆ. ಆಚೆ ಬದಿಯಲ್ಲಿ ಬೆನ್ನಟ್ಟಿ ಬರುವವರ ಕಾಲಿಗೆ ಬಿದ್ದು ಕೆಡವುವುದೂ ಈ ಪದ್ಧತಿಯ ಅಂಗವಾಗಿತ್ತು. ಇದು ಮೊಣಕಾಲಿಗೆ ಅಪಾಯವೆಂಬ ಎದುರಾಳಿಗಳ ದೂರು ನನ್ನ ದೃಷ್ಟಿಯಲ್ಲಿ ನ್ಯಾಯವಾದದ್ದೇ. ಓಟಗಾರ ಅಂಚಿನತ್ತ ಸಾಗುತ್ತಾ ಸಾಲಿನಲ್ಲಿ ಬಿರುಕು ಕಂಡ ಕ್ಷಣವೇ ಒಂದು ಕಾಲೂರಿ, ಒಮ್ಮೆ ಮಾತ್ರ ತಿರುಗಿ ನುಗ್ಗಬೇಕು. ಎರಡನೆಯ ಸಲ ಕುಣಿದಾಡಲು ಅನುಮತಿಯಿರಲಿಲ್ಲ.

ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಆರನೆಯ ಸುತ್ತಿನಲ್ಲಿ ಸಿಕ್ಕಿದ್ದ ಓಟಗಾರ ಟೆರೆಲ್ ಡೇವಿಸ್ 1998ರಲ್ಲಿ 2,008 ಯಾರ್ಡ್ ಓಡಿದ. ಮರುವರ್ಷ ಅವನ ಮೊಣಕಾಲು ಕೈಕೊಟ್ಟಾಗ, ಹೊಸಬ ಒಲ್ಯಾಂಡಿಸ್ ಗ್ಯಾರಿ 1,159 ಯಾರ್ಡ್ ಗಳಿಸಿದ. 2000ದಲ್ಲಿ ಇನ್ನೊಬ್ಬ ಹೊಸಬ, ಹಿಂದೆ ಅಮೆರಿಕದ ಮರೀನ್ ಪಡೆಯಲ್ಲಿದ್ದ ಮೈಕ್ ಆಂಡರ್ಸನ್, 1,487 ಯಾರ್ಡ್ ಓಡಿದ. ಓಡುವವರು ಬದಲಾದರೂ ಸೆಂಟರ್ ಟಾಮ್ ನೇಲನ್ ಮಾತ್ರ ಅದೇ ಜಾಗದಲ್ಲಿದ್ದ.

ಓಟಗಾರನದೇ ಪ್ರತಿಭೆ ಎನ್ನುವವರು ಕ್ಲಿಂಟನ್ ಪೋರ್ಟಿಸ್‌ನ ಲೆಕ್ಕವನ್ನು ನೋಡಬೇಕು. 2002 ಮತ್ತು 2003ರಲ್ಲಿ ಡೆನ್ವರ್‌ಗಾಗಿ ಅವನು ಪ್ರತಿ ಓಟಕ್ಕೆ ಸರಾಸರಿ 5.5 ಯಾರ್ಡ್ ಗಳಿಸಿದ್ದ. ಅಂಥವನನ್ನು ತಂಡ 2004ರಲ್ಲಿ ವಾಷಿಂಗ್ಟನ್‌ಗೆ ಬಿಟ್ಟುಕೊಟ್ಟು, ಬದಲಿಗೆ ರಕ್ಷಣಾ ಆಟಗಾರ ಚಾಂಪ್ ಬೇಲಿಯನ್ನು ತಂದಿತು. ಅಲ್ಲಿ ಮೊದಲ ವರ್ಷ ಪೋರ್ಟಿಸ್‌ನ ಸರಾಸರಿ 3.8ಕ್ಕೆ ಇಳಿಯಿತು, ಇತ್ತ ಡೆನ್ವರ್‌ನಲ್ಲಿ ರೂಬೆನ್ ಡ್ರೌನ್ಸ್ 1,240 ಯಾರ್ಡ್ ಓಡಿಬಿಟ್ಟ. ಹಾಗೆಂದು ಪೋರ್ಟಿಸ್ ಸಾಮಾನ್ಯನಲ್ಲ, 2005ರಲ್ಲಿ ಅವನು ವಾಷಿಂಗ್ಟನ್‌ಗಾಗಿ 1,516 ಯಾರ್ಡ್ ಗಳಿಸಿದ.

ಗಿಬ್ಸ್ ಕೂಡ 2004ರಲ್ಲಿ ಅಟ್ಲಾಂಟಾ ಫಾಲ್ಕನ್ಸ್ ತಂಡಕ್ಕೆ ಹೋದರು. ಆ ಋತುವಿನಲ್ಲಿ ಓಟದ ಯಾರ್ಡ್‌ಗಳಲ್ಲಿ ಇಡೀ ಲೀಗಿಗೆ ಮೊದಲಿಗರಾದವರು ಫಾಲ್ಕನ್ಸ್. ದಾಳಿಯನ್ನು ಮುನ್ನಡೆಸುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಮೈಕೆಲ್ ವಿಕ್‌ನ ಕಾಲುಗಳಿಗೂ ಅದರಲ್ಲಿ ದೊಡ್ಡ ಪಾಲು ಸಲ್ಲುತ್ತದೆ.