ರಾಮಾಚಾರಿ ಯಾರ ಮಾತು ಕೇಳುತ್ತಿದ್ದ?

ಕೇಳುಗರಿಗೆ ನಮಸ್ಕಾರ.

'ನಾಗರಹಾವು' ಸಿನಿಮಾದ ರಾಮಾಚಾರಿ ಯಾರ ಮಾತಿಗೂ ಬಗ್ಗುವವನಲ್ಲ. ಮನೆಯವರಿಗೂ ಇಲ್ಲ, ಕಾಲೇಜಿನವರಿಗೂ ಇಲ್ಲ. ಅವನು ತಲೆಬಾಗುವುದು ಒಬ್ಬರಿಗೇ, ಚಾಮಯ್ಯ ಮೇಷ್ಟ್ರಿಗೆ. ಆ ಮೇಷ್ಟ್ರ ಪಾತ್ರ ಮಾಡಿದವರು ಕೆ.ಎಸ್. ಅಶ್ವತ್ಥ್. ಇವತ್ತು ಅವರ ಬಗ್ಗೆ ಒಂದಿಷ್ಟು ಮಾತಾಡೋಣ. ಹಾಡುಗಾರ ಸಿ. ಅಶ್ವತ್ಥ್ ಬೇರೆ, ಇವರು ಬೇರೆ. ಹೊಸಬರಿಗೆ ಈಗಲೂ ಗೊಂದಲ ಆಗುತ್ತದೆ, ಅದಕ್ಕೇ ಹೇಳಿದೆ.

ಇವರ ಪೂರ್ತಿ ಹೆಸರು ಕರಗನಹಳ್ಳಿ ಸುಬ್ಬರಾಯ ಅಶ್ವತ್ಥನಾರಾಯಣ. ಹುಟ್ಟಿದ್ದು 1925ರಲ್ಲಿ, ಮೈಸೂರಿನಲ್ಲಿ. ಸರ್ಕಾರಿ ನೌಕರಿ ಮಾಡಿದವರು, ಜೊತೆಗೆ ನಾಟಕದ ಹುಚ್ಚು. ಬಾನುಲಿ ನಾಟಕಗಳಲ್ಲೂ ಪಾತ್ರ ಮಾಡಿದರು. 1955ರಲ್ಲಿ 'ಸ್ತ್ರೀರತ್ನ' ಬಂದಾಗ ಅದರ ನಾಯಕ ಇವರೇ. ಆದರೆ ನಾಯಕನಾಗಿ ಬಹಳ ದಿನ ಉಳಿಯಲಿಲ್ಲ. ನಾರದನ ವೇಷ ಬಂತು, ಅಪ್ಪನ ಪಾತ್ರ ಬಂತು, ಊರ ಹಿರಿಯನ ಪಾತ್ರ ಬಂತು. ರಾಜ್‌ಕುಮಾರ್ ಹುಟ್ಟಿದ್ದು 1929ರಲ್ಲಿ. ಅಂದರೆ ಇಬ್ಬರಿಗೂ ನಾಲ್ಕೇ ವರ್ಷ ವ್ಯತ್ಯಾಸ! ತೆರೆಯ ಮೇಲೆ ನೋಡಿದರೆ ಎಷ್ಟೋ ಸಲ ಒಂದು ತಲೆಮಾರಿನಷ್ಟು ಅಂತರ. ಮೇಕಪ್ಪಿನಿಂದ ಕೂದಲು ಬೆಳ್ಳಗೆ ಮಾಡಬಹುದು. ಹಿರಿತನ ಬರುವುದು ದನಿಯಲ್ಲಿ, ಕೂರುವ ರೀತಿಯಲ್ಲಿ. ಅಶ್ವತ್ಥ್ ಅವರಿಗೆ ಅದು ಸಲೀಸಾಗಿ ಬರುತ್ತಿತ್ತು.

ಈಗ ಚಾಮಯ್ಯ ಮೇಷ್ಟ್ರ ವಿಷಯಕ್ಕೆ ಬರೋಣ. ಸಿನಿಮಾ ಬಂದದ್ದು 1972ರಲ್ಲಿ. ತ.ರಾ.ಸು. ಅವರ ಕಥೆ, ಪುಟ್ಟಣ್ಣ ಕಣಗಾಲ್ ನಿರ್ದೇಶನ. ರಾಮಾಚಾರಿಯಾಗಿ ವಿಷ್ಣುವರ್ಧನ್ ಅವರ ಸಿಟ್ಟು, ಚಿತ್ರದುರ್ಗದ ಕೋಟೆ, ಹಾಡುಗಳು, ಇದೆಲ್ಲ ನಮಗೆ ಬಾಯಿಪಾಠ. ರಾಮಾಚಾರಿ ಪ್ರೀತಿಸುವ ಹುಡುಗಿ ಅಲಮೇಲುವಿನ ಪ್ರಸಂಗ ನೆನಪು ಮಾಡಿಕೊಳ್ಳಿ. ಅವಳ ಹಿಂದೆ ಬಿದ್ದ ಪುಂಡ ಜಲೀಲನ ಕಾಟ ಬಿಡಿಸಿಕೊಡು, ನನ್ನ ತಂಗಿ ನಿನ್ನವಳು ಅಂತ ಅಣ್ಣ ವರದ ಮಾತು ಕೊಟ್ಟಿರುತ್ತಾನೆ. ಕೆಲಸ ಆದ ಮೇಲೆ ಮಾತು ತಪ್ಪುತ್ತಾನೆ. ರಾಮಾಚಾರಿ ಬಿಡುವ ಆಸಾಮಿಯೇ? ಆಗ ವರದ ಮೊರೆಹೋಗುವುದು ಮೇಷ್ಟ್ರ ಬಳಿ. ಪ್ರೀತಿಯನ್ನು ತ್ಯಾಗ ಮಾಡು ಅಂತ ಮೇಷ್ಟ್ರು ಶಿಷ್ಯನನ್ನು ಒಪ್ಪಿಸುತ್ತಾರೆ. ಇಡೀ ಊರನ್ನೇ ಎದುರು ಹಾಕಿಕೊಳ್ಳುವ ಹುಡುಗ ಆ ಒಂದು ಮಾತಿಗೆ ಒಪ್ಪಿಬಿಡುತ್ತಾನೆ.

ಇದನ್ನು ನಾವು ನಂಬುವುದು ಹೇಗೆ? ಚಿತ್ರಕಥೆಯಲ್ಲಿ 'ಗುರುವಿನ ಮಾತು ಮೀರಲಿಲ್ಲ' ಅಂತ ಬರೆದರೆ ಸಾಕಾಗುವುದಿಲ್ಲ. ಎದುರಿಗೆ ನಿಂತವರು ಅಂಥವರಾಗಿರಬೇಕು. ಅಶ್ವತ್ಥ್ ಇಲ್ಲಿ ಅಧಿಕಾರ ತೋರಿಸುವುದಿಲ್ಲ, ಪ್ರೀತಿ ತೋರಿಸುತ್ತಾರೆ. ಮಗನ ಹತ್ತಿರ ಏನೋ ಕೇಳಿ ಪಡೆಯುವ ಅಪ್ಪನ ಹಾಗೆ ಇರುತ್ತಾರೆ. ಗದರಿದ್ದರೆ ರಾಮಾಚಾರಿ ಖಂಡಿತ ತಿರುಗಿಬೀಳುತ್ತಿದ್ದ, ಅಲ್ವಾ? ಇಷ್ಟು ಪ್ರೀತಿಯಿಂದ ಕೇಳಿದರೆ ತಪ್ಪಿಸಿಕೊಳ್ಳುವುದು ಹೇಗೆ? ನನ್ನ ಪ್ರಕಾರ ರಾಮಾಚಾರಿ ಬರೀ ರೌಡಿಯಾಗಿ ಕಾಣದೆ ಇರುವುದಕ್ಕೆ ಅರ್ಧ ಕಾರಣ ಅಶ್ವತ್ಥ್ ಅವರ ಮುಖ. ಇಂಥವರು ಇಷ್ಟಪಡುವ ಹುಡುಗ ಕೆಟ್ಟವನಾಗಿರಲಾರ ಅಂತ ನಮಗೇ ಅನ್ನಿಸಿಬಿಡುತ್ತದೆ.

ತಮಾಷೆ ಏನೆಂದರೆ, ಮೇಷ್ಟ್ರು ಮಾಡಿದ್ದು ತಪ್ಪು. ಅಲಮೇಲುವಿನ ಬದುಕು ಹಾಳಾಗುತ್ತದೆ. ಮುಂದೆ ರಾಮಾಚಾರಿ ಅವಳನ್ನು ನೋಡುವುದು ಮೈ ಮಾರಿ ಬದುಕುವ ಸ್ಥಿತಿಯಲ್ಲಿ. ಕೊನೆಗೆ ಬೆಟ್ಟದ ಮೇಲೆ, ರಾಮಾಚಾರಿ ಆಮೇಲೆ ಪ್ರೀತಿಸುವ ಮಾರ್ಗರೆಟ್ ವಿಷಯದಲ್ಲಿ ಮೇಷ್ಟ್ರು ಮತ್ತೆ ಅಡ್ಡ ನಿಲ್ಲುತ್ತಾರೆ. ಶಿಷ್ಯನ ಸಿಟ್ಟಿಗೆ ಅವರೇ ಬಲಿಯಾಗುತ್ತಾರೆ. ಇನ್ನೊಬ್ಬ ನಟನಾಗಿದ್ದರೆ ಚಾಮಯ್ಯನನ್ನು ಹಟಮಾರಿ ಮುದುಕನನ್ನಾಗಿ ಮಾಡುವ ಅಪಾಯ ಇತ್ತು. ಅಥವಾ ಬರೀ ದೇವರಂಥ ಮನುಷ್ಯನನ್ನಾಗಿ ಮಾಡಬಹುದಿತ್ತು. ಅಶ್ವತ್ಥ್ ಎರಡನ್ನೂ ಮಾಡಲಿಲ್ಲ. ತಾನು ಮಾಡುತ್ತಿರುವುದು ಸರಿ ಅಂತ ಮನಸಾರೆ ನಂಬಿದ ಒಬ್ಬ ಮನುಷ್ಯನನ್ನು ತೋರಿಸಿದರು. ಅದಕ್ಕೇ ಆ ಕೊನೆ ಅಷ್ಟು ಕಲಕುತ್ತದೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಅಂತಲೇ ತಿಳಿಯುವುದಿಲ್ಲ.

ಇದೇ ಸಿನಿಮಾದಲ್ಲಿ ಇನ್ನೊಬ್ಬ ದೊಡ್ಡ ಪೋಷಕ ನಟರಿದ್ದಾರೆ, ಲೋಕನಾಥ್. ರಾಮಾಚಾರಿ ರಾತ್ರೋರಾತ್ರಿ ಕಂಬಕ್ಕೆ ಕಟ್ಟಿಹಾಕುತ್ತಾನಲ್ಲ, ಆ ಪ್ರಿನ್ಸಿಪಾಲರು. ಜನ ನಕ್ಕು ನಕ್ಕು ಸುಸ್ತಾದರು. ಎರಡು ವರ್ಷ ಬಿಟ್ಟು 'ಭೂತಯ್ಯನ ಮಗ ಅಯ್ಯು'ನಲ್ಲಿ ಇವರೇ ಉಪ್ಪಿನಕಾಯಿಗೆ ಆಸೆಪಡುವ ಹಳ್ಳಿಯವನಾದರು. ಆ ಉಪ್ಪಿನಕಾಯಿ ದೃಶ್ಯದ ಹೆಸರು ಹೇಳಿದರೆ ಸಾಕು, ನೋಡಿದವರ ಬಾಯಲ್ಲಿ ಈಗಲೂ ನೀರೂರುತ್ತದೆ. ಲೋಕನಾಥ್ ಅವರ ಬಗ್ಗೆಯೇ ಪ್ರತ್ಯೇಕ ಒಂದು ಭಾಷಣ ಬೇಕು, ಇರಲಿ.

ಅಶ್ವತ್ಥ್ ಅವರ ಬೇರೆ ಪಾತ್ರಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು 'ಕಸ್ತೂರಿ ನಿವಾಸ'ದ ರಾಮಯ್ಯ. ಕೊಟ್ಟು ಕೊಟ್ಟೇ ಬರಿಗೈಯಾಗುವ ಯಜಮಾನ ರಾಜ್‌ಕುಮಾರ್, ಆ ಮನೆಗೆ ಅಂಟಿಕೊಂಡ ನಂಬಿಕಸ್ತ ರಾಮಯ್ಯ. ರಾಜ್‌ಕುಮಾರ್ ಅವರ ಪಾತ್ರ ತನ್ನ ನೋವನ್ನು ಬಾಯಿಬಿಟ್ಟು ಹೇಳಿಕೊಳ್ಳುವಂಥದ್ದಲ್ಲ. ಹಾಗಾಗಿ ಆ ಮನೆ ಎಷ್ಟು ಸೋತಿದೆ ಅಂತ ನಾವು ರಾಮಯ್ಯನ ಮುಖದಲ್ಲೇ ಓದಬೇಕಾಗುತ್ತದೆ.

ಇನ್ನು ಪಂಡರಿಬಾಯಿ ಜೊತೆ ಅವರು ಗಂಡ ಹೆಂಡತಿಯಾಗಿ ಎಷ್ಟೊಂದು ಸಿನಿಮಾ ಮಾಡಿದರು! ಇಬ್ಬರೂ ಒಟ್ಟಿಗೆ ತೆರೆಗೆ ಬಂದರೆ ಅದು ಒಂದು ಮನೆ ಅಂತ ಸುಮ್ನೆ ಒಪ್ಪಿಕೊಂಡುಬಿಡುತ್ತಿದ್ದೆವು. 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಅವರ ನಾಯಕಿಯಾಗಿದ್ದ ಪಂಡರಿಬಾಯಿ, ಮುಂದೆ ಅವರಿಗೇ ತಾಯಿಯಾಗಿಯೂ ನಟಿಸಿದರು. ಹೀರೋ ಮಾತ್ರ ಹೀರೋ ಆಗಿಯೇ ಉಳಿದರು. ಅದು ಬೇರೆ ಕಥೆ.

ಟಿ.ವಿ.ಯಲ್ಲಿ ಈ ಬಗೆಯ ನಟನೆಗೆ ಬೆಲೆ ಇನ್ನೂ ಜಾಸ್ತಿ. ಕ್ಯಾಮೆರಾ ಹತ್ತಿರ, ಪರದೆ ಚಿಕ್ಕದು. ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್'ನಲ್ಲಿ ಸ್ವಾಮಿಯ ಅಮ್ಮನಾಗಿ ವೈಶಾಲಿ ಕಾಸರವಳ್ಳಿ ಅವರನ್ನು ನೋಡಿ. ಅಪ್ಪನ ಗದರಿಕೆಗೂ ಹುಡುಗನ ತುಂಟತನಕ್ಕೂ ನಡುವೆ ಅವರೊಬ್ಬರು ಇರುವುದರಿಂದಲೇ ಆ ಮನೆ ಮನೆಯಾಗಿದೆ.

ವಿಷ್ಣುವರ್ಧನ್ ತೀರಿಕೊಂಡದ್ದು 2009ರ ಡಿಸೆಂಬರ್ 30ಕ್ಕೆ. ಅಶ್ವತ್ಥ್ ಹೋದದ್ದು 2010ರ ಜನವರಿ 18ಕ್ಕೆ. ಶಿಷ್ಯನ ಹಿಂದೆಯೇ ಮೇಷ್ಟ್ರೂ ಹೋದರು ಅಂತ ಜನ ಮಾತಾಡಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

'ನಾಗರಹಾವು' ಮತ್ತೆ ನೋಡುವವರಿಗೆ ಒಂದು ಸಲಹೆ. ಗುರು ಶಿಷ್ಯರು ಎದುರುಬದುರಾದಾಗ ನಮ್ಮ ಕಣ್ಣು ತಾನಾಗಿ ವಿಷ್ಣುವರ್ಧನ್ ಕಡೆ ಓಡುತ್ತದೆ. ಒಂದು ಸಲ ಅದನ್ನು ತಡೆದು ಅಶ್ವತ್ಥ್ ಅವರನ್ನೇ ನೋಡಿ. ಅವರು ಮಾತಾಡುವಾಗ ಅಲ್ಲ, ರಾಮಾಚಾರಿ ಮಾತಾಡುವಾಗ.

ನಮಸ್ಕಾರ.